ಕಾರ್ಕ್‌ನವರು, ಗಾಲ್ವೇಯವರು, ಡಬ್ಲಿನ್‌ನವರು: ಐರಿಷ್‌ನಲ್ಲಿ ಏನಂತಾರೆ? ಮಗಳ ಹೋಂವರ್ಕ್‌ನಿಂದ ತಲೆ ಕೆಟ್ಟಿದೆ

ಲೂಕನ್ಅಮ್ಮ
ನಮಸ್ಕಾರ ಎಲ್ರಿಗೂ. ಡಬ್ಲಿನ್‌ಗೆ ಬಂದು ಆರು ವರ್ಷ ಆಯ್ತು, ಇಷ್ಟು ದಿನ ನಂಗೆ ಬರ್ತಿದ್ದ ಐರಿಷ್ ಅಂದ್ರೆ ಬಸ್ಸಿನ ಹಣೆ ಮೇಲಿರೋ 'ಅನ್ ಲಾರ್' ಅಷ್ಟೇ, ಅದೂ ಯಾವುದೋ ಊರಿನ ಹೆಸರು ಅಂದ್ಕೊಂಡು ಒಂದು ವರ್ಷ ಓಡಾಡಿದೀನಿ, ಆಮೇಲೆ ಗೊತ್ತಾಯ್ತು ಊರ ನಡುಮಧ್ಯ ಅಂತ.

ಈಗ ಮಗಳು ಮೂರನೇ ಕ್ಲಾಸು. ಹೋಂವರ್ಕ್ ಏನಪ್ಪಾ ಅಂದ್ರೆ ಊರಿನ ಹೆಸರು ಕೊಟ್ಟಿದಾರೆ, ಆ ಊರಿನವರಿಗೆ ಏನಂತಾರೆ ಬರೀಬೇಕು. ಕಾರ್ಕ್ ಅಂದ್ರೆ ಕೊರ್ಕಿಗ್, ಅಲ್ಲಿಯವನು ಕೊರ್ಕೀಅಖ್. ಗಾಲ್ವೇ ಅಂದ್ರೆ ಗಾಲಿವ್, ಅಲ್ಲಿಯವನು ಗಾಲಿವಖ್. ಸರಿ, ಬಾಲಕ್ಕೆ 'ಅಖ್' ಹಚ್ಚಿದ್ರೆ ಆಯ್ತು ಅಂದ್ಕೊಂಡ್ವಿ. ಆದ್ರೆ ಲಿಮರಿಕ್‌ಗೆ ಐರಿಷ್ ಹೆಸರೇ ಲಿಮ್ನಖ್! ಅದಾಗ್ಲೇ ಅಖ್ ಹಾಕ್ಕೊಂಡೇ ಕೂತಿದೆ, ಇನ್ನೇನು ಹಚ್ಚೋದು? ಡಬ್ಲಿನ್ ಅಂತೂ ಬಾಲ್ಯ ಆಹ ಕ್ಲೀಅ, ಮೂರು ಪದ. ನಮ್ಮವಳು ಮೂರನ್ನೂ ಅಂಟಿಸಿ ರೈಲು ಮಾಡಿದಾಳೆ.

ಅದ್ರ ಮೇಲೆ 'ನಾನು ಕಾರ್ಕ್‌ನವಳು' ಅನ್ನೋಕೆ 'ತಾ ಮೇ ಕೊರ್ಕೀಅಖ್' ಅಂತ ಬರೆದಿದ್ಲು, ಟೀಚರ್ ಕೆಂಪು ಇಂಕಲ್ಲಿ ಸುತ್ತಿದಾರೆ. ಯಾಕೆ ತಪ್ಪು ಅಂತ ಅವಳಿಗೂ ಗೊತ್ತಿಲ್ಲ ನಂಗೂ ಗೊತ್ತಿಲ್ಲ. ಯಾರಾದ್ರೂ ಹೇಳ್ತೀರಾ?

(ಅಖ್ ಅಂತ ಬರೆದಿರೋದು ನಮ್ಮ 'ಖಡ್ಗ'ದ ಖ ಅಲ್ಲ, ಉರ್ದು 'ಖಬರ್' ಇದ್ಯಲ್ಲ, ಗಂಟಲು ಉಜ್ಜೋ ಥರ, ಅದು.)

ಬರೀಓದೋನು
ಕೊರ್ಕೀಅಖ್ ಅಂತ ನಾಲ್ಕು ಸಲ ಹೇಳಿದೆ, ಹೆಂಡ್ತಿ ಶುಂಠಿ ಕಷಾಯ ತಂದುಕೊಟ್ಲು.

ಕಾರ್ಕ್‌ಕಾಕಾ
ಅಕ್ಕಾರ, ನಾ ಹುಬ್ಳ್ಯಾಂವ, ಕಾರ್ಕ್‌ನ್ಯಾಗ ಒಂಬತ್ತು ವರ್ಷ ಆತು. ನಿಮ್ಮ ಕೆಂಪು ಇಂಕಿನ ಸುದ್ದಿ ಮೊದ್ಲ ಹೇಳ್ತೀನಿ.

ಐರಿಷ್‌ನ್ಯಾಗ 'ಇರು' ಅನ್ನೂದಕ್ಕ ಎರಡು ಅದಾವ್ರಿ. 'ತಾ' ಅಂದ್ರ ಹ್ಯಾಂಗಿದ್ದಿ, ಎಲ್ಲಿದ್ದಿ ಅನ್ನೂದು. ತಾ ಮೇ ತಿರ್ಷಖ್, ನಾ ದಣದೀನಿ. ತಾ ಮೇ ಬ್ರೋನಖ್, ನನಗ ದುಃಖ ಆಗೇತಿ. ಇನ್ನೊಂದು 'ಇಸ್'. ಇಂಗ್ಲಿಷಿನ 'ಇಸ್' ಅಲ್ರಿ ಮತ್ತ, ಅಲ್ಲೇ ಎಡವತಾರ ಎಲ್ಲಾರೂ. ಇದು 'ನೀ ಯಾರು, ನೀ ಏನು' ಅನ್ನೂದು. ಇಸ್ ಕೊರ್ಕೀಅಖ್ ಮೇ, ನಾ ಕಾರ್ಕ್‌ನಾಂವ. ಊರು ನಿಮ್ಮ ಮ್ಯಾಲೆ ಬಂದು ಹೋಗೂ ಜ್ವರ ಅಲ್ಲ, ನೀವ ಅದು, ಅದಕ್ಕ 'ತಾ' ನಡಿಯೂದಿಲ್ಲ.

ನಿಮ್ಮ ಹುಡುಗಿ ತಪ್ಪೇನಿಲ್ಲ ಬಿಡ್ರಿ. ತಿರ್ಷಖ್, ಬ್ರೋನಖ್ ಇವೂ ಅಖ್ ಅಂತನ ಮುಗೀತಾವ, ಕೊರ್ಕೀಅಖ್ ಸೈತ ಅಖ್ ಅಂತ ಮುಗೀತೈತಿ. ಕೂಸು 'ನನಗ ಕಾರ್ಕ್ ಆಗೇತಿ' ಅಂತ ಬರದೈತಿ, ಅಷ್ಟ. ನಮಗ ಕನ್ನಡದಾಗ ಈ ತ್ರಾಸ ಇಲ್ಲ. 'ನಾ ಹುಬ್ಳ್ಯಾಂವ', ಮುಗೀತು. ಕ್ರಿಯಾಪದನ ಬ್ಯಾಡ.

ಮಲೆನಾಡಹುಡ್ಗಿ
'ನನಗೆ ಕಾರ್ಕ್ ಆಗೇತಿ' 😂😂 ನಂಗೂ ಒಂದ್ಸಲ ಬೆಂಗಳೂರು ಆಗಿತ್ತು, ಮೂರು ವರ್ಷ ಬಿಡ್ಲಿಲ್ಲ.

ಗಾಲ್ವೇಗುಬ್ಬಿ
ಲಿಮರಿಕ್ ಪ್ರಶ್ನೆಗೆ: ಉತ್ತರ ಲಿಮ್ನೀಅಖ್. ಊರು ಲಿಮ್ನಖ್, ಊರಿನವನು ಲಿಮ್ನೀಅಖ್. ಒಳಗಡೆ ಒಂದು ದೀರ್ಘ ಈ ಹುಟ್ಕೊಳ್ಳತ್ತೆ ನೋಡಿ. ಅದು ಆಕಾಶದಿಂದ ಬಿದ್ದಿದ್ದಲ್ಲ, ಊರಿನ ಹೆಸರನ್ನ ಷಷ್ಠಿಗೆ ತಂದ್ರೆ 'ಲಿಮ್ನಿ' ಆಗತ್ತೆ (ಲಿಮರಿಕ್ ಕೌಂಟಿ ಅಂದ್ರೆ 'ಕೊಂಟೇ ಲಿಮ್ನಿ'), ಆ ಇಕಾರದ ಮೇಲೆ ಅಖ್ ಸೇರಿದ್ರೆ ಲಿಮ್ನೀಅಖ್. ಕೊರ್ಕಿಗ್‌ನ ಷಷ್ಠಿ ಕೊರ್ಕೀ, ಅದಕ್ಕೆ ಕೊರ್ಕೀಅಖ್. ಕೆರ್ರಿ ಕೌಂಟಿ ಕಿಅರೀ, ಅಲ್ಲಿಯವನು ಕಿಅರೀಅಖ್. ಊರಿನ ಹೆಸರಿಗೆ ನೇರ ಹಚ್ಚೋದಲ್ಲ, ಅದು ಬಗ್ಗಿದ ಮೇಲೆ ಹಚ್ಚೋದು. ನಾವೂ 'ಮೈಸೂರು+ಅವರು' ಅನ್ನಲ್ವಲ್ಲ, ಮೈಸೂರಿನ ಆಗಿ ಆಮೇಲೆ ಮೈಸೂರಿನವರು.

ಒಂದು ವಿಷ್ಯ ನೆನಪಿಡಿ: ಕಾರ್ಕ್, ಗಾಲ್ವೇ, ಲಿಮರಿಕ್ ಇವೆಲ್ಲ ಊರೂ ಹೌದು ಕೌಂಟಿನೂ ಹೌದು. ಗಾಲಿವಖ್ ಅಂದ್ರೆ ಪೇಟೆಯವನೋ, ಐವತ್ತು ಮೈಲಿ ಆಚೆ ಕುರಿ ಮೇಯಿಸೋನೋ ಪದದಿಂದ ಗೊತ್ತಾಗಲ್ಲ. ಪೇಟೆಯವರನ್ನೇ ಹೇಳ್ಬೇಕಾದ್ರೆ ಸುತ್ತು ಹಾಕಿ 'ಮ್ವಿಂತಿರ್ ನ ಕಾಹ್ರಖ್', ನಗರದ ಜನ, ಅನ್ನಬೇಕು.

ಸಂಧಿಸುಬ್ಬ
ನಾನು ಐರ್ಲೆಂಡ್ ಕಂಡವನಲ್ಲ, ಮೈಸೂರಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ರಿಟೈರ್ ಆದವನು. ಮೊಮ್ಮಗ ಡಬ್ಲಿನ್‌ನಲ್ಲಿದಾನೆ, ಅವನ ಜೊತೆ ಫೋನಲ್ಲಿ ಮಾತಾಡೋಕೆ ಅಂತ ಐರಿಷ್ ಶುರು ಮಾಡಿದೆ, ಈಗ ಅವನು ಬಿಟ್ಟಿದಾನೆ ನಾನು ಬಿಟ್ಟಿಲ್ಲ.

ತಾಯಿ, ನಿಮ್ಮ ಮಗಳಿಗೆ ಮುಂದಿನ ವಾರ ಬಹುವಚನ ಕೊಡ್ತಾರೆ, ಈಗ್ಲೇ ತಯಾರಾಗಿ. ಈ ಅಖ್ ಪದಗಳೆಲ್ಲ ಒಂದೇ ಅಚ್ಚು, ಪ್ರಥಮ ಗಣದ ಪುಲ್ಲಿಂಗ ನಾಮಪದ. 'ಏರನಖ್' ಅಂದ್ರೆ ಐರ್ಲೆಂಡಿನವನು, ಅದನ್ನೇ ಇಟ್ಕೊಂಡು ನೋಡೋಣ. ಅನೇಕರಾದ್ರೆ ಏರನಿ. ಅಂದ್ರೆ ಕೊನೆಯ ಖ್ ಕರಗಿ ಇಕಾರ ಆಯ್ತು. ಈಗ ತಮಾಷೆ ಏನು ಅಂದ್ರೆ 'ಐರ್ಲೆಂಡಿನವನ ಮನೆ' ಅನ್ನೋಕೂ ಅದೇ ರೂಪ: ತ್ಯಾಖ್ ಅನ್ ಏರನಿ. ಒಬ್ಬನ ಷಷ್ಠಿ, ಹಲವರ ಪ್ರಥಮಾ, ಎರಡಕ್ಕೂ ಒಂದೇ ವೇಷ. ಹಾಗಾದ್ರೆ ಹಲವರ ಷಷ್ಠಿ, 'ಐರ್ಲೆಂಡಿನವರ' ಅನ್ನೋದು? ವಾಪಸ್ ಏರನಖ್! ಅಡ್ಡಡ್ಡ ಕತ್ತರಿ ಹಾಕಿದ ಹಾಗೆ. ಏಕವಚನದ ಮುಖ ಹಾಕ್ಕೊಂಡು ಬಹುವಚನದ ಕೆಲಸ ಮಾಡತ್ತೆ.

ಬಾಲ ಸಾಲದು ಅಂತ ತಲೆನೂ ಬದಲಾಗತ್ತೆ. 'ಅನ್' ಅನ್ನೋ ಗುಣವಾಚಿ ಮುಂದೆ ಬಂದ್ರೆ ಅನ್ ತೇರನಖ್ (ಆ ಐರಿಷ್‌ನವನು). ಬಹುವಚನದಲ್ಲಿ ನ ಹೇರನಿ (ಅವರು). ಷಷ್ಠಿ ಬಹುವಚನ ನ ನೇರನಖ್ (ಅವರ). ಕರೆಯೋಕೆ ಇನ್ನೊಂದು: ಒಬ್ಬನನ್ನ ಕರೆದ್ರೆ 'ಅ ಏರನಿ', ಗುಂಪನ್ನ ಕರೆದ್ರೆ 'ಅ ಏರನಖ'. ಸಂಬೋಧನೆಗೆ ಅಂತ ಬೇರೆ ರೂಪ ಇನ್ನೂ ಉಳಿಸ್ಕೊಂಡಿದೆ, ನಂಗೆ ಬಹಳ ಇಷ್ಟವಾಗಿದ್ದು ಇದೇ. ಕೂಗಿ ಕರೆಯೋರು ಇನ್ನೂ ಇದಾರೆ ಅಂತ ಅರ್ಥ.

ಟೆಕ್ಕಿತಿಮ್ಮ
ತೇರನಖ್ ಹೇರನಿ ನೇರನಖ್. ಒಂದೇ ಮನುಷ್ಯನಿಗೆ ಮೂರು ತಲೆ, ರಾವಣನ ಸಂಬಂಧಿ.

ಗಾಲ್ವೇಗುಬ್ಬಿ
@ಸಂಧಿಸುಬ್ಬ ಮೇಷ್ಟ್ರೇ ಒಂದು ಸಣ್ಣ ತಿದ್ದುಪಡಿ, 'ಅನ್' ಗುಣವಾಚಿ ಅಲ್ಲ, ಇಂಗ್ಲಿಷಿನ 'ದ' ಇದ್ಯಲ್ಲ ಅದು, ನಿರ್ದೇಶಕ. ಉಳಿದಿದ್ದೆಲ್ಲ ಸರಿ. ಅಂದ್ಹಾಗೆ ಬರೆಯೋವಾಗ ಏರನಖ್‌ನ ಮೊದಲ ಅಕ್ಷರ ದೊಡ್ಡದು, ಮುಂದೆ ಸೇರಿದ ತ, ಹ, ನ ಮಾತ್ರ ಚಿಕ್ಕ ಅಕ್ಷರ. ದೊಡ್ಡಕ್ಷರ ಪದದ ಹೊಟ್ಟೆಲಿ ಬರತ್ತೆ. ಇಲ್ಲಿ ಬೋರ್ಡ್ ನೋಡಿದ ನಮ್ಮ ಅಪ್ಪ 'ಪ್ರಿಂಟಿಂಗ್ ಮಿಸ್ಟೇಕು' ಅಂತ ಫೋಟೋ ತೆಗ್ಸಿಕೊಂಡಿದ್ರು.

ಸಂಧಿಸುಬ್ಬ
ಒಪ್ಪಿದೆ. ನಿರ್ದೇಶಕ. ವಯಸ್ಸಾಯ್ತು.

ಕಾರ್ಕ್‌ಕಾಕಾ
ಮೇಷ್ಟ್ರ, ನಮ್ಮ ಕಡೆ ಅಂದ್ರ ಮನ್ಸ್ಟರ್ ಸೀಮಿಯೊಳಗ 'ಏರನಿ' ಅನ್ನೂದಿಲ್ರಿ, 'ಏರನಿಗ್' ಅಂತಾರ. ಕೊನಿಗೆ ಗಟ್ಟಿ ಗ್ ಕೇಳ್ತೈತಿ. ಇಂಗ್ಲಿಷ್‌ನವರು ಸಸನಿಗ್. ಊರಿನ ಹೆಸರ ಕೊರ್ಕಿಗ್. ಮೊದ್ಲ ಸಲ ಕೇಳಿದಾಗ ನನಗ ಕನ್ನಡಿಗ ಅಂದಂಗ ಕೇಳಿಸ್ತು ಖರೇ ಹೇಳ್ತೀನಿ.

ಬರೀಓದೋನು
ಅಯ್ಯೋ ಹೌದಲ್ವಾ!! ಕನ್ನಡ-ಇಗ, ಏರನ್-ಇಗ್. ಎರಡೂ 'ಆ ಕಡೆಯವನು' ಅನ್ನೋ ಅರ್ಥ. ಇದು ಸುಮ್ನೆ ಆಗಿರಕ್ಕೆ ಸಾಧ್ಯನೇ ಇಲ್ಲ. ನಮ್ಮೋರು ಯಾವುದೋ ಕಾಲದಲ್ಲಿ ಹಡಗು ಹತ್ತಿ ಹೋಗಿರ್ಬೇಕು.

ಗಾಲ್ವೇಗುಬ್ಬಿ
ದಯವಿಟ್ಟು ಬೇಡ. ಈ ಥರದ್ದು ನಾಳೆ ವಾಟ್ಸಾಪ್‌ನಲ್ಲಿ 'ಐರಿಷರ ಮೂಲ ಬನವಾಸಿ' ಅಂತ ತಿರುಗತ್ತೆ. ಐರಿಷ್ ಇಂಡೋ-ಯುರೋಪಿಯನ್ ಕುಟುಂಬದ ಕೆಲ್ಟಿಕ್ ಕೊಂಬೆ, ಕನ್ನಡ ದ್ರಾವಿಡ. ಅದೂ ಅಲ್ದೆ ಆ ಗ್ ಪ್ರತ್ಯಯನೇ ಅಲ್ಲ. ಅದು ಖ್ ಮೆತ್ತಗಾಗಿ ಹುಟ್ಟಿದ್ದು, ಬಹುವಚನದಲ್ಲಿ, ಇಲ್ಲಾ ಏಕವಚನದ ಷಷ್ಠಿ, ಸಂಬೋಧನೆಲಿ ಬರತ್ತೆ, ಏಕವಚನದ ಪ್ರಥಮಾದಲ್ಲಿ ಬರಲ್ಲ, ಅದೂ ಮನ್ಸ್ಟರ್ ಬಾಯಲ್ಲಿ ಮಾತ್ರ. ಗಾಲ್ವೇಲಿ ಬರೀ 'ಈ'. ನಮ್ಮ 'ಇಗ' ಏಕವಚನದ ಪ್ರಥಮಾದಲ್ಲೇ ಇರತ್ತೆ: ಕನ್ನಡಿಗ, ಗಾಣಿಗ, ಲೆಕ್ಕಿಗ.

ಅಖ್‌ಗೆ ನಿಜವಾದ ನೆಂಟರು ಬೇಕಂದ್ರೆ ಫ್ರಾನ್ಸ್‌ಗೆ ಹೋಗಿ. ಕೊನ್ಯಾಕ್, ಬೆರ್ಜೆರಾಕ್ ಅಂತ ಊರುಗಳ ಹೆಸರಲ್ಲಿ ಬಾಲಕ್ಕಿರೋ 'ಆಕ್', ಅದು ಹಳೇ ಗಾಲಿಷ್ ಭಾಷೆದು, ಐರಿಷ್ ಅಖ್‌ನ ಒಡಹುಟ್ಟು.

ಬರೀಓದೋನು
ಸರಿ ಹಡಗು ವಾಪಸ್ ಕರೆಸ್ತೀನಿ.

ಟೆಕ್ಕಿತಿಮ್ಮ
ಕೊನ್ಯಾಕ್ ಅಂದಿದ್ದಷ್ಟೇ ಕೇಳಿಸ್ತು, ಇಲ್ಲಿ ಪಾರ್ಟಿ ಎಲ್ಲಿ?

ಸಂಧಿಸುಬ್ಬ
ಗುಬ್ಬಿಯವರು ಹೇಳಿದ್ದು ಸರಿ, ಸಂಬಂಧ ಇಲ್ಲ. ಆದ್ರೆ ಸಂಬಂಧ ಇಲ್ದೆನೇ ಹೋಲಿಕೆ ಇರೋದು ಬೇರೊಂದು ಕಡೆ ಇದೆ, ಅದನ್ನ ಯಾರೂ ಮುಟ್ಟಿಲ್ಲ. 'ಕಾರ್ಕ್‌ನಲ್ಲಿ' ಅನ್ನೋಕೆ ಏನಂತೀರಿ? ಇ ಗೊರ್ಕಿಗ್. ಕಾರ್ಕ್‌ನವರ (ಷಷ್ಠಿ ಬಹುವಚನ)? ನ ಗೊರ್ಕೀಅಖ್. ಕ ಹೋಗಿ ಗ. ಟ್ರಾಲೀ ಊರು ಐರಿಷ್‌ನಲ್ಲಿ ತ್ರಾ ಲೀ, ಅಲ್ಲಿ ಅನ್ನೋಕೆ ಇ ದ್ರಾ ಲೀ. ತ ಹೋಗಿ ದ. ವಾಟರ್‌ಫರ್ಡ್ ಅಂದ್ರೆ ಪೊರ್ಟ್ ಲಾರ್ಗ್ಯ, ಅಲ್ಲಿ ಅನ್ನೋಕೆ ಇ ಬೊರ್ಟ್ ಲಾರ್ಗ್ಯ. ಪ ಹೋಗಿ ಬ.

ಕ ತ ಪ ಗಳಿಗೆ ಗ ದ ಬ. ಎಂಟನೇ ಕ್ಲಾಸಲ್ಲಿ ಬಾಯಿಪಾಠ ಮಾಡಿದವರು ಕೈ ಎತ್ತಿ!

ಮಲೆನಾಡಹುಡ್ಗಿ
ಆದೇಶ ಸಂಧಿ!!! ಮಳೆ+ಕಾಲ=ಮಳೆಗಾಲ, ಬೆಟ್ಟ+ತಾವರೆ=ಬೆಟ್ಟದಾವರೆ, ಕಣ್+ಪನಿ=ಕಂಬನಿ. ಮೈ ಜುಂ ಅಂತು ಸಾರ್.

ಸಂಧಿಸುಬ್ಬ
ಹಳ+ಕನ್ನಡ=ಹಳಗನ್ನಡ. ನಮ್ಮ ಭಾಷೆಯ ಹೆಸರೇ ತಲೆ ಬದಲಾಯಿಸತ್ತೆ, ಕಾರ್ಕ್‌ನವರದ್ದು ಬದಲಾದ್ರೆ ಏನು ಆಶ್ಚರ್ಯ. ಬರೆಯೋದ್ರಲ್ಲಿ ಮಾತ್ರ ಅವರು ನಮಗಿಂತ ನಿಧಾನಿಗಳು, ಹಳೇ ಕ ಅಳಿಸಲ್ಲ, ಅದ್ರ ಮುಂದೆ ಗ ಕೂರಿಸ್ತಾರೆ, ಓದೋವಾಗ ಗ ಮಾತ್ರ ಓದ್ತಾರೆ. ನಾವು 'ಹಳಗ್ಕನ್ನಡ' ಅಂತ ಬರೆದು ಹಳಗನ್ನಡ ಅಂತ ಓದಿದ ಹಾಗೆ. ಮೂಲ ಪದ ಯಾವುದು ಅಂತ ಕಣ್ಣಿಗೆ ಕಾಣ್ತಿರತ್ತೆ, ಡಿಕ್ಷನರಿ ಹುಡುಕೋನಿಗೆ ಅನುಕೂಲ.

ಇನ್ನೂ ಇದೆ. ಮೆಲ್+ಮಾತು ಮೆಲ್ವಾತು ಆಗತ್ತಲ್ಲ, ಮ ಹೋಗಿ ವ? ಐರಿಷ್‌ನಲ್ಲಿ ಇನ್ನೊಂದು ಮೆತುವಾಗೋ ನಿಯಮ ಇದೆ, ಅದ್ರಲ್ಲಿ ಬ, ಮ ಎರಡೂ ವ ಆಗ್ತವೆ.

ಗಾಲ್ವೇಗುಬ್ಬಿ
ಹೋಲಿಕೆ ಚೆನ್ನಾಗಿದೆ ಸಾರ್, ಆದ್ರೆ ಜಗಳ ಆಡದೇ ಬಿಡಲ್ಲ ನಾನು. ಮಳೆಗಾಲದಲ್ಲಿ ಎರಡು ಪದ ಕೂಡಿ ಒಂದೇ ಪದ ಆಗಿದೆ, ಮೆತ್ತಗಾಗೋದಕ್ಕೆ ಕಾರಣ ಕಣ್ಣೆದುರೇ ಇದೆ. ಐರಿಷ್‌ನಲ್ಲಿ ಇವತ್ತು ಕಾರಣ ಕಾಣಲ್ಲ. 'ಇ' ಅನ್ನೋ ಪದ ಮೊದಲು 'ಇನ್' ಆಗಿತ್ತು, ಷಷ್ಠಿ ಬಹುವಚನದ 'ನ' ಕೂಡ ಹಿಂದೆ ಅನುನಾಸಿಕದಲ್ಲಿ ಮುಗೀತಿತ್ತು. ಆ ನ್ ಪಕ್ಕದ ಕ ನ ಗ ಮಾಡಿ ತಾನು ಕರಗಿ ಹೋಯ್ತು. ಕೊಲೆ ಮಾಡಿದವನು ಪರಾರಿ, ಹೆಣ ಮಾತ್ರ ಉಳಿದಿದೆ. ಹಾಗಾಗಿ ಸರಿಯಾದ ಜೋಡಿ ಕಂಬನಿ, ಮಳೆಗಾಲ ಅಲ್ಲ. ಕಂಬನಿಲಿ ಮೂಗಿನ ಸದ್ದು ಇನ್ನೂ ಜೀವಂತವಾಗಿದೆ.

ಹಾಗೇ ಬಹುವಚನದ ಇಕಾರಕ್ಕೂ ಇಂಥದ್ದೇ ಕಥೆ. ಹಳೇ ಕಾಲದಲ್ಲಿ ಕೊನೆಗೆ ನಿಜವಾಗ್ಲೂ ಒಂದು ಈ ಇತ್ತು. ಓಗಮ್ ಕಲ್ಲುಗಳು ಇದಾವಲ್ಲ, ನಮ್ಮ ವೀರಗಲ್ಲಿನ ಥರ ಹೆಸರು ಕೊರೆದ ಕಲ್ಲುಗಳು, ಕಲ್ಲಿನ ಅಂಚಲ್ಲಿ ಬರೀ ಗೀಟು ಗೀಟು, ಹೆಚ್ಚಿನವು ಕಾರ್ಕ್ ಕೆರ್ರಿ ಕಡೆನೇ. ಅದ್ರಲ್ಲಿ 'ಮಗನ' ಅನ್ನೋದಕ್ಕೆ 'ಮಕಿ' ಅಂತಿದೆ, ಕೊನೆಯ ಇ ಸಮೇತ. ಈಗಿನ ಐರಿಷ್‌ನಲ್ಲಿ 'ಮಿಕ್'. ಇ ಉದುರೋಕೆ ಮುಂಚೆ ಒಳಗೆ ನುಗ್ಗಿ ಕೂತಿದೆ.

ಬೆಲ್‌ಫಾಸ್ಟ್‌ಬಸವ
ಈ ಆದೇಶ ಸಂಧಿ ಕ ತ ಪ ಗೇ ನಿಲ್ಲಲ್ಲ ಕಣ್ರೋ. ಬ ಇದ್ರೆ ಮ: ಡಬ್ಲಿನ್‌ನಲ್ಲಿ ಅನ್ನೋಕೆ ಇ ಮಾಲ್ಯ ಆಹ ಕ್ಲೀಅ. ದ ಇದ್ರೆ ನ: ಡೆರ್ರಿ ಅಂದ್ರೆ ದೆರ್ಯ, ಅಲ್ಲಿ ಅನ್ನೋಕೆ ಇ ನೆರ್ಯ. ಗ ಇದ್ರೆ ಏನಾಗತ್ತೆ ಗೊತ್ತಾ? ಙ! ಗಾಲ್ವೇಲಿ ಅನ್ನೋಕೆ ಇ ಙಾಲಿವ್. ಒಂದನೇ ಕ್ಲಾಸಿಂದ ಙ ಬರೆದು ಬರೆದು ಇದ್ಯಾಕಪ್ಪಾ ಬೇಕು, ಒಂದು ಪದನೂ ಇಲ್ವಲ್ಲ ಅಂತಿದ್ವಲ್ಲ, ನಮ್ಮ ಙ ಗೆ ಐರ್ಲೆಂಡಲ್ಲಿ ಕೆಲಸ ಸಿಕ್ಕಿದೆ, ವೀಸಾ ಸಮೇತ.

ಡೊನೆಗಲ್ ಕೌಂಟಿ ಹೆಸರೇ ದೂನ್ ನ ಙಾಲ್, ಪರಕೀಯರ ಕೋಟೆ. 'ಗಾಲ್' ಅಂದ್ರೆ ಪರಕೀಯ, ಷಷ್ಠಿ ಬಹುವಚನದಲ್ಲಿ ಙಾಲ್. ಮೇಷ್ಟ್ರು ಹೇಳಿದ ಕತ್ತರಿ ನಿಯಮ ಇಲ್ಲೂ ನೋಡಿ, ಬಾಲ ಏಕವಚನದ್ದೇ. ಆದ್ರೆ ಅಲ್ಲಿಯವರು ತಮ್ಮನ್ನ ಙಾಲ್ ಕೋಟೆಯವರು ಅಂತ ಕರ್ಕೊಳಲ್ಲ, ಯಾರು ತಾನೇ 'ನಾನು ಪರಕೀಯರ ಕೋಟೆಯವನು' ಅಂತಾರೆ. ಹಳೇ ಹೆಸರು ತೀರ್ ಖೊನಲ್ ಅಂತಿದೆ, ಅದ್ರಿಂದ ಕೊನಲಖ್.

ಟೆಕ್ಕಿತಿಮ್ಮ
ಕೇಳ್ಬೇಕು ಅನ್ಸತ್ತೆ, ಯಾರೂ ಬೇಜಾರಾಗ್ಬೇಡಿ. ಡಬ್ಲಿನ್‌ನಲ್ಲಿ ನಾಲ್ಕು ವರ್ಷದಿಂದ ಇದೀನಿ, ಆಫೀಸಲ್ಲಿ ಒಬ್ರೂ ಐರಿಷ್ ಮಾತಾಡಿದ್ದು ಕೇಳಿಲ್ಲ. ಸತ್ತ ಭಾಷೆಗೆ ಇಷ್ಟು ಷಷ್ಠಿ ಸಪ್ತಮಿ ಯಾಕೆ? ಮಗುಗೆ ವಿನಾಯಿತಿ ತಗೊಂಡ್ಬಿಡಿ.

ಲೂಕನ್ಅಮ್ಮ
ವಿನಾಯಿತಿ ಎಲ್ಲಾ ದೊಡ್ಡವರಾದ ಮೇಲೆ ಹೊರದೇಶದಿಂದ ಬಂದ ಮಕ್ಕಳಿಗೆ, ಇಲ್ಲಾ ಕಲಿಕೆಲಿ ತೊಂದರೆ ಇರೋ ಮಕ್ಕಳಿಗೆ. ಇವಳು ಇಲ್ಲೇ ಒಂದನೇ ಕ್ಲಾಸಿಂದ ಓದಿದಾಳೆ. ಅದೂ ಅಲ್ದೆ ಅವಳಿಗೆ ಇಷ್ಟ. ಕನ್ನಡ ಓದು ಅಂದ್ರೆ ಹೊಟ್ಟೆನೋವು ಬರತ್ತೆ, ಐರಿಷ್‌ಗೆ ಬರಲ್ಲ. ಅದು ಬೇರೆ ದುಃಖ ಬಿಡಿ.

ಬೆಲ್‌ಫಾಸ್ಟ್‌ಬಸವ
@ಟೆಕ್ಕಿತಿಮ್ಮ ಸತ್ತ ಭಾಷೆ ಅನ್ನೋ ಮುಂಚೆ ಲೆಕ್ಕ ನೋಡು ಗುರು. 2022ರ ಜನಗಣತಿಲಿ ಸುಮಾರು 18.7 ಲಕ್ಷ ಜನ ಐರಿಷ್ ಬರತ್ತೆ ಅಂದಿದಾರೆ. ಅದ್ರಲ್ಲಿ ಸ್ಕೂಲಿಂದ ಹೊರಗೆ ದಿನಾ ಮಾತಾಡೋರು 72 ಸಾವಿರದ ಹತ್ರ, ಅದು ಕಮ್ಮಿನೇ, ಒಪ್ತೀನಿ. ಆದ್ರೆ 72 ಸಾವಿರ ಬಾಯಿ ದಿನಾ ತೆರೀತಿದ್ರೆ ಅದು ಸತ್ತಿದೆ ಅನ್ನೋಕಾಗಲ್ಲ. 1996ರಿಂದ ಟಿವಿ ಚಾನೆಲ್ ಇದೆ. 2007ರಲ್ಲಿ ಯುರೋಪಿಯನ್ ಯೂನಿಯನ್ನಿನ ಅಧಿಕೃತ ಭಾಷೆ ಆಯ್ತು.

ನಮ್ಮ ಬೆಲ್‌ಫಾಸ್ಟ್ ಕಥೆ ಕೇಳು. 1960ರ ದಶಕದ ಕೊನೆಗೆ ಕೆಲವು ಕುಟುಂಬಗಳು ಸೇರಿ ಶಾಸ್ ರೋಡಲ್ಲಿ ಮನೆ ಕಟ್ಕೊಂಡು, ಮಕ್ಕಳ ಜೊತೆ ಐರಿಷ್ ಮಾತ್ರ ಆಡೋದು ಅಂತ ಹಟ ಹಿಡಿದ್ರು. 1971ರಲ್ಲಿ ತಾವೇ ಶಾಲೆ ಶುರು ಮಾಡಿದ್ರು, ಸರ್ಕಾರದ ದುಡ್ಡಿಲ್ಲದೆ. ಆ ಶಾಲೆ ಹೆಸರಲ್ಲಿ 'ಫೊಬಲ್ ಫೆರ್ಷ್ತ್ಯ' ಅಂತಿದೆ, ಬೆಲ್‌ಫಾಸ್ಟಿನ ಜನ ಅನ್ನೋ ಅರ್ಥದಲ್ಲಿ. ಊರಿನ ಪೂರ್ತಿ ಹೆಸರು ಬೇಲ್ ಫೆರ್ಷ್ತ್ಯ, ಫೆರ್ಷ್ತ್ಯದ ಬಾಯಿ, ಅಂದ್ರೆ ಫಾರ್ಸೆಟ್ ಅನ್ನೋ ಸಣ್ಣ ಹೊಳೆ ಸೇರೋ ಜಾಗ. ಬಾಯಿ ಬಿಟ್ಟು ಬರೀ ಹೊಳೆ ಇಟ್ಕೊಂಡ್ರು. ಆ ಹೊಳೆ ಈಗ ರೋಡಿನ ಕೆಳಗೆ ಪೈಪಲ್ಲಿ ಹರಿಯತ್ತೆ. ನಮ್ಮ ವೃಷಭಾವತಿ ಥರ ಅನ್ನೋಣ ಅಂದ್ರೆ ಅದಾದ್ರೂ ಮೂಗಿಗೆ ಸಿಗತ್ತೆ, ಇದು ಸಿಗಲ್ಲ. ಊರಿನವನಿಗೆ ನಮ್ಮ ಸಂಜೆ ಕ್ಲಾಸಲ್ಲಿ ಬೇಲ್ ಫೆರ್ಷ್ತ್ಯಖ್ ಅಂತಾರೆ.

ಡೆರ್ರಿದು ಇನ್ನೂ ಚಂದ. ಇಂಗ್ಲಿಷಲ್ಲಿ ಡೆರ್ರಿ ಅನ್ಬೇಕಾ ಲಂಡನ್‌ಡೆರ್ರಿ ಅನ್ಬೇಕಾ ಅಂತ ಒಂದು ಪದ ಆಡಿದ ಕೂಡ್ಲೇ ನೀನು ಯಾವ ಕಡೆಯವನು, ಐರ್ಲೆಂಡ್ ಪರವೋ ಬ್ರಿಟನ್ ಪರವೋ, ಅಂತ ಗೊತ್ತಾಗ್ಬಿಡತ್ತೆ. ಐರಿಷ್‌ನಲ್ಲಿ ಬರೀ ದೆರ್ಯ, ಓಕ್ ಮರದ ತೋಪು. ಊರಿನವನು ದೆರ್ಯಖ್.

ಟೆಕ್ಕಿತಿಮ್ಮ
ಸರಿ ಸರಿ, ಸತ್ತಿಲ್ಲ, ವಾಪಸ್ ತಗೊಂಡೆ. ಆಫೀಸಲ್ಲಿ ನಾನೂ ಕನ್ನಡ ಮಾತಾಡಲ್ಲ, ಅದನ್ನ ನೋಡಿದೋನು ಕನ್ನಡ ಸತ್ತಿದೆ ಅಂದ್ಕೊಂಡ್ರೆ ನಂಗೆ ಉರಿಯತ್ತೆ.

ಆದ್ರೆ ಡಬ್ಲಿನ್‌ನವನಿಗೆ ಏನು ಅಂತ ಇನ್ನೂ ಯಾರೂ ಹೇಳಿಲ್ಲ!

ಗಾಲ್ವೇಗುಬ್ಬಿ
ಬರ್ತಿದ್ದೆ ಅದಕ್ಕೇ. ಬಾಲ್ಯ ಆಹ ಕ್ಲೀಅ ಅಂದ್ರೆ ತಡಿಕೆ ಹಾಸಿ ಹೊಳೆ ದಾಟೋ ಜಾಗದ ಊರು. 'ಡಬ್ಲಿನ್' ಅನ್ನೋ ಇಂಗ್ಲಿಷ್ ಹೆಸರು ಬಂದಿದ್ದು ಬೇರೆ ಐರಿಷ್ ಪದದಿಂದ, ದುವ್ ಲಿನ್, ಕಪ್ಪು ಮಡು. ಒಂದೇ ಊರಿಗೆ ಎರಡು ಹೆಸರು, ಐರಿಷ್‌ನವರು ಒಂದು ಇಟ್ಕೊಂಡ್ರು, ಇಂಗ್ಲಿಷ್‌ನವರು ಇನ್ನೊಂದು. ಈ ಮೂರು ಪದನ ಜೋರಾಗಿ ಮಾತಾಡೋವಾಗ ಯಾರೂ ಪೂರ್ತಿ ಅನ್ನಲ್ಲ, 'ಬ್ಲಾ ಕ್ಲೀಅ' ಅಂತ ನುಂಗ್ತಾರೆ, ನಾವು ಬೆಂಗಳೂರು ನುಂಗಿ ಬೆಂಗ್ಳೂರು ಮಾಡಿದ ಹಾಗೆ. ಆ ನುಂಗಿದ ರೂಪಕ್ಕೇ ಅಖ್ ಸೇರಿಸಿ 'ಬ್ಲಾ ಕ್ಲೀಹಖ್' ಅಂತ ಪದ ಇದೆ. ಬರಹದಲ್ಲಿ ನೋಡ್ತೀವಿ. ಹೋಂವರ್ಕಲ್ಲಿ ಇದನ್ನ ಬರೆದ್ರೆ ಪಾಸು.

ಆದ್ರೆ ನಿಜ ಹೇಳ್ತೀನಿ, ಮಾತಲ್ಲಿ ಯಾರೂ ಇಷ್ಟೆಲ್ಲ ಕಷ್ಟಪಡಲ್ಲ. ಎರಡು ಸುಲಭದ ದಾರಿ ಇದೆ. ಒಬ್ಬನಾದ್ರೆ 'ಇಸ್ ಅಸ್ ಬಾಲ್ಯ ಆಹ ಕ್ಲೀಅ ಮೇ', ಡಬ್ಲಿನ್‌ನಿಂದ ನಾನು. ಊರಿಗೆ ಊರೇ ಅಂದ್ರೆ 'ಮ್ವಿಂತಿರ್' ಅಂತ ಮುಂದೆ ಹಾಕಿ ಊರಿನ ಹೆಸರನ್ನ ಷಷ್ಠಿಲಿ ಇಡೋದು: ಮ್ವಿಂತಿರ್ ಖೊರ್ಕೀ, ಕಾರ್ಕ್‌ನ ಜನ. ಮ್ವಿಂತಿರ್ ನ ಗಾಲಿವ, ಗಾಲ್ವೇ ಜನ. ಮ್ವಿಂತಿರ್ ಅನ್ನೋದ್ರಲ್ಲಿ ಮನೆಯವರು, ನಮ್ಮೋರು ಅನ್ನೋ ಬೆಚ್ಚಗಿನ ಅರ್ಥ ಇದೆ. ಕೊರ್ಕೀಅಖ್ ಅಂದ್ರೆ ಗುರುತಿನ ಚೀಟಿ, ಮ್ವಿಂತಿರ್ ಅಂದ್ರೆ ಬಳಗ. ನಂಗೆ ಕೇಳಿದ್ರೆ ಮಕ್ಕಳಿಗೆ ಇದನ್ನ ಮೊದಲು ಕಲಿಸ್ಬೇಕು, ಅಖ್ ಪಟ್ಟಿ ಆಮೇಲೆ. ಶಾಲೆಗಳಲ್ಲಿ ಉಲ್ಟಾ ನಡೀತಿದೆ.

ಕಾರ್ಕ್‌ಕಾಕಾ
ಖರೇ ಮಾತು. ನಮ್ಮ ಕಡೆ 'ಯಾ ಊರು?' ಅಂತ ಕೇಳೂದಾದ್ರ 'ಕಾದ್ ಅಸ್ ದಿತ್?', ಉತ್ತರ 'ಇಸ್ ಅಸ್ ಕೊರ್ಕಿಗ್ ದಮ್'. ಗಾಲ್ವೇ ಕಡೆ 'ಕೇ ಅಸ್ ಹೂ?' ಅಂತಾರ. ಹುಬ್ಳಿ ಧಾರವಾಡ ಇದ್ದಂಗ, ಇಪ್ಪತ್ತು ಕಿಲೋಮೀಟರಿಗೆ ಮಾತು ಬದ್ಲಿ.

ಮತ್ತ ಇನ್ನೊಂದ ಐತ್ರಿ, ಜಂಬ ಕೊಚ್ಚಿಕೊಳ್ಳಾಕ: 'ಕೊರ್ಕೀಅಖ್ ಅತಾ ಉನಮ್'. ನನ್ನೊಳಗ ಇರಾಂವ ಕಾರ್ಕ್‌ನಾಂವ! ಇಲ್ಲಿ 'ತಾ' ಬಂತು ನೋಡ್ರಿ, ಆದ್ರ 'ನನ್ನೊಳಗ' ಅಂತ ಸೇರಿಸಿದ ಮ್ಯಾಲೆ. ನಿಮ್ಮ ಹುಡುಗಿಗೆ 'ತಾ' ಬೇಕ ಬೇಕು ಅಂದ್ರ ಹಿಂಗ ಬರೀಲಿ, ಟೀಚರ್ ಕುರ್ಚಿ ಮ್ಯಾಲಿಂದ ಬೀಳ್ತಾರ.

ಮಲೆನಾಡಹುಡ್ಗಿ
ಎಲ್ಲಾ 'ನವನು ನವನು' ಅಂತಿದೀರ. ಹೆಣ್ಣಿಗೆ? ನಮ್ಗೆ ಕನ್ನಡಿತಿ ಕನ್ನಡತಿ ಅಂತ ಇದೆ.

ಗಾಲ್ವೇಗುಬ್ಬಿ
ಬೇರೆ ಪದ ಬೇಕಿಲ್ಲ. ಇಸ್ ಏರನಖ್ ಈ, ಅವಳು ಐರಿಷ್. 'ಈ' ಅಂದ್ರೆ ಅವಳು, ಅಲ್ಲಿ ಮಾತ್ರ ಹೆಣ್ಣು ಕಾಣ್ಸತ್ತೆ. ಪದ ವ್ಯಾಕರಣದಲ್ಲಿ ಪುಲ್ಲಿಂಗವಾಗೇ ಇರತ್ತೆ, ಮನುಷ್ಯಳ ಲಿಂಗಕ್ಕೂ ಪದದ ಲಿಂಗಕ್ಕೂ ಸಂಬಂಧ ಇಲ್ಲ. ಹೆಂಗಸು ಅಂತ ಒತ್ತಿ ಹೇಳ್ಬೇಕಂದ್ರೆ 'ಬ್ಯಾನ್' ಹಾಕಿ ಅದನ್ನೇ ಗುಣವಾಚಿ ಮಾಡಿ: ಬ್ಯಾನ್ ಖೊರ್ಕೀಅಖ್, ಕಾರ್ಕ್ ಹೆಂಗಸು. ಬ್ಯಾನ್ ಸ್ತ್ರೀಲಿಂಗ ಆಗಿದ್ರಿಂದ ಪಕ್ಕದ ಕ ಮೆತ್ತಗಾಗಿ ಖ ಆಯ್ತು. ಮೇಷ್ಟ್ರೇ, ಇದು ಗುಣವಾಚಿ, ಈ ಸಲ ನಿಜವಾಗ್ಲೂ.

ಸಂಧಿಸುಬ್ಬ
ಚುಚ್ಚಿದ್ದು ಗೊತ್ತಾಯ್ತಮ್ಮಾ.

ಬೆಲ್‌ಫಾಸ್ಟ್‌ಬಸವ
ದೀರ್ಘದ ವಿಷ್ಯದಲ್ಲಿ ಹುಷಾರು. 'ಅಲಬನಖ್' ಸ್ಕಾಟ್ಲೆಂಡಿನವನು, ನಡುವೆ ಒಂದು ದೀರ್ಘ ಬಿದ್ದು 'ಅಲ್ಬಾನಖ್' ಆದ್ರೆ ಅಲ್ಬೇನಿಯಾದವನು. ಇನ್ನೊಂದು ದೊಡ್ಡಕ್ಷರದ ಅವಾಂತರ: ಫ್ರಾಂಕಖ್ ದೊಡ್ಡಕ್ಷರದಲ್ಲಿ ಬರೆದ್ರೆ ಫ್ರೆಂಚ್‌ನವನು, ಚಿಕ್ಕಕ್ಷರದಲ್ಲಿ ಬರೆದ್ರೆ ಇಲಿ, ಹೆಗ್ಗಣ. ಫ್ರಾನ್ಸಿಂದ ಬಂದ ಇಲಿ ಅಂತ ಶುರುವಾಗಿ ಕೊನೆಗೆ ಇಲಿಯೇ ಫ್ರೆಂಚ್ ಆಗ್ಬಿಡ್ತು. ಮಾತಲ್ಲಂತೂ ವ್ಯತ್ಯಾಸನೇ ಇಲ್ಲ. 'ಅಡುಗೆಮನೇಲಿ ಫ್ರಾಂಕಖ್ ಇದೆ' ಅಂದ್ರೆ ಯಾರನ್ನ ಕರೀಬೇಕು?

ಟೆಕ್ಕಿತಿಮ್ಮ
ಪೆಸ್ಟ್ ಕಂಟ್ರೋಲ್ ಕರೀರಿ, ಅವನು ಬ್ಯಾಗೆಟ್ ಹಿಡ್ಕೊಂಡಿದ್ರೆ ವಾಪಸ್ ಕಳ್ಸಿ.

ಬರೀಓದೋನು
ನಮ್ಮ ಟೀಮಲ್ಲಿ ಮೆಕ್‌ನಲ್ಟಿ ಅನ್ನೋ ಅಡ್ಡಹೆಸರಿನವರು ಇದಾರೆ. ಈ ಅಖ್‌ಗೂ ಅಡ್ಡಹೆಸರಿಗೂ ಏನಾದ್ರೂ ಇದ್ಯಾ ಅಂತ ಕುತೂಹಲ.

ಸಂಧಿಸುಬ್ಬ
ಭೇಷ್, ಇದು ಓದೋನು ಕೇಳೋ ಪ್ರಶ್ನೆ. ಉಲ್ತಖ್ ಅಂದ್ರೆ ಅಲ್ಸ್ಟರ್ ಸೀಮೆಯವನು. ಮಾಕ್ ಅನ್ ಉಲ್ತಿ, ಅಲ್ಸ್ಟರಿನವನ ಮಗ. ಅದೇ ಇಂಗ್ಲಿಷ್ ಬಾಯಲ್ಲಿ ಮೆಕ್‌ನಲ್ಟಿ. ಷಷ್ಠಿ ಏಕವಚನದ ಆ ಕೊನೆಯ ಇಕಾರ ಇನ್ನೂ ಅವರ ವಿಸಿಟಿಂಗ್ ಕಾರ್ಡಲ್ಲಿದೆ, ಅವರಿಗೇ ಗೊತ್ತಿರಲ್ಲ. ವಾಲ್ಷ್ ಅಂತ ಇದ್ದಾರಲ್ಲ, ಅವರು ಐರಿಷ್‌ನಲ್ಲಿ ಬ್ರೆಹ್ನಖ್, ವೇಲ್ಸ್‌ನವನು ಅಂತ. ಯಾವುದೋ ಅಜ್ಜ ವೇಲ್ಸಿಂದ ಬಂದು ನೆಲೆಸಿದ, 'ಆ ವೇಲ್ಸ್‌ನವನ ಮನೆ' ಅಂತ ಊರು ಕರೀತು, ಎಂಟು ನೂರು ವರ್ಷ ಆದ್ರೂ ಮೊಮ್ಮಕ್ಕಳು ವೇಲ್ಸ್‌ನವರೇ. ನಮ್ಮಲ್ಲೂ ಊರು ಬಿಟ್ಟು ಎಷ್ಟೋ ತಲೆಮಾರಾದ್ರೂ ಇನಿಷಿಯಲ್ಲಲ್ಲಿ ಊರು ಇಟ್ಕೊಂಡಿರೋರು ಎಷ್ಟು ಜನ.

ಮಲೆನಾಡಹುಡ್ಗಿ
ಅದಕ್ಕೇ ನನ್ನ ಹೆಸರಿನ ಮುಂದೆ ನಾನು ನೋಡೇ ಇರದ ಊರಿನ ಹೆಸರು. ಪಾಸ್‌ಪೋರ್ಟ್ ಆಫೀಸಲ್ಲಿ ಅದನ್ನ ಬಿಡಿಸಿ ಬರ್ಸೋಕೆ ಪಟ್ಟ ಪಾಡು ಬೇರೆ ಥ್ರೆಡ್ಡಿಗೆ.

ಲೂಕನ್ಅಮ್ಮ
ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳನ್ನ ಕೂರಿಸ್ಕೊಂಡು ಇದನ್ನೆಲ್ಲ ಓದಿ ಹೇಳಿದೆ. ಲಿಮ್ನೀಅಖ್ ಬರೆದ್ಲು, ಬ್ಲಾ ಕ್ಲೀಹಖ್ ಬರೆದ್ಲು, 'ತಾ' ಹೊಡೆದು 'ಇಸ್' ಮಾಡಿದ್ಲು. ಆದೇಶ ಸಂಧಿ ಹೇಳಿದ್ದಕ್ಕೆ ಕಣ್ಣು ಇಷ್ಟಗಲ ಮಾಡಿ, 'ಹಾಗಾದ್ರೆ ಕನ್ನಡದಲ್ಲೂ ಉರೂ (ಅವರ ಶಾಲೆಲಿ ಈ ತಲೆ ಬದಲಾಗೋದಕ್ಕೆ ಹಾಗಂತಾರೆ) ಇದ್ಯಾ' ಅಂದ್ಲು. ಹೊಟ್ಟೆನೋವು ಬರ್ಲಿಲ್ಲ. ಮೇಷ್ಟ್ರೇ, ಮಳೆಗಾಲ ಬೆಟ್ಟದಾವರೆ ಎರಡನ್ನೂ ಫ್ರಿಜ್ ಮೇಲೆ ಬರೆದು ಅಂಟಿಸಿದಾಳೆ.

ಈಗ ಹೊಸ ಪ್ರಶ್ನೆ ಅವಳದ್ದು: ಇಂಡಿಯಾದವರು ಇಂದಿಅಖ್ ಅಂತ ಪುಸ್ತಕದಲ್ಲಿದೆಯಂತೆ. 'ಅಮ್ಮ ಬೆಂಗಳೂರಿನವಳು' ಅನ್ನೋಕೆ?

ಗಾಲ್ವೇಗುಬ್ಬಿ
ಬೆಂಗಳೂರಿಗೆ ಯಾರೂ ಇನ್ನೂ ಅಖ್ ಹಚ್ಚಿಲ್ಲ, ಡಿಕ್ಷನರಿಲಿ ಇಲ್ಲ. 'ಇಸ್ ಅಸ್ ಬೆಂಗಳೂರು ಮೊ ವಾಹಿರ್' ಅಂತ ಬರೀಲಿ, ಬೆಂಗಳೂರಿನವಳು ನನ್ನ ಅಮ್ಮ. 'ಮೊ' ಅಂದ್ರೆ ನನ್ನ, ಅದು ಮುಂದೆ ಬಂದಿದ್ದಕ್ಕೆ ಮಾಹಿರ್ ಹೋಗಿ ವಾಹಿರ್ ಆಯ್ತು, ಮೆಲ್ವಾತಿನ ಮ ಥರನೇ.

ಕಾರ್ಕ್‌ಕಾಕಾ
ಪದ ಇಲ್ಲಂದ್ರ ನಾವ ಮಾಡೂಣು. ಬೆಂಗಳೂರಖ್. ಬಹುವಚನ ನಮ್ಮ ಕಡೆಯಂಗ ಬೆಂಗಳೂರಿಗ್.

ಬರೀಓದೋನು
ಬೆಂಗಳೂರಿಗ!!! ನಾನು ಮೊದ್ಲೇ ಹೇಳಿದ್ದೆ, ಹಡಗು!

ಗಾಲ್ವೇಗುಬ್ಬಿ
ಇಲ್ಲ. ಇಲ್ಲ. ಮಲಗಿ ಎಲ್ರೂ.

ಟೆಕ್ಕಿತಿಮ್ಮ
ಮಲಗೋ ಮುಂಚೆ ಒಂದು, ಲೂಕನ್ ಕಡೆ ಯಾರಿಗಾದ್ರೂ ಒಳ್ಳೆ ರಾಗಿಹಿಟ್ಟು ಎಲ್ಲಿ ಸಿಗತ್ತೆ ಗೊತ್ತಾ? ಹೋದ ಸಲ ತಂದಿದ್ರಲ್ಲಿ ಮುದ್ದೆ ಕಟ್ಟಿದ್ರೆ ಒಡೀತಿತ್ತು.

ಲೂಕನ್ಅಮ್ಮ
ಇನ್‌ಬಾಕ್ಸ್ ಮಾಡಿದೀನಿ ನೋಡಿ.